ಅಜ್ಜಿ ಯಾವ ಪುಟದಲ್ಲಿ?

ಪತ್ರಿಕೆಗಳಿಗೆ ಬರೆದದ್ದು ಹೇಗೂ ಇದೆ, ಒಟ್ಟು ಸೇರಿಸಿದರೆ ಪುಸ್ತಕ ಆಯ್ತಲ್ಲ ಎಂದು ಮನೆಯವರು ಹೇಳುತ್ತಾರೆ. ಹೇಳುವವರಿಗೇನು! ಮೊದಲು ಅವು ಕೈಗೆ ಸಿಗಬೇಕಲ್ವಾ? ಕೆಲವು ಬೀರುವಿನ ಮೇಲೆ ಕಟಿಂಗ್‌ಗಳಾಗಿ ಹಳದಿ ತಿರುಗಿವೆ. ಕೆಲವು ಇಮೇಲ್‌ನಲ್ಲಿವೆ. ಉಳಿದವು ನುಡಿ, ಬರಹ ತಂತ್ರಾಂಶಗಳ ಕಾಲದ ಹಳೇ ಫೈಲುಗಳು. ಅವನ್ನು ಈಗ ತೆರೆದರೆ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತು ಸಾಲಾಗಿ ನಿಂತಿರುತ್ತವೆ.

ಈಗಿನ ಕಂಪ್ಯೂಟರು, ಮೊಬೈಲುಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯುನಿಕೋಡಿಗೆ ಬದಲಾಯಿಸಿದರೆ ಓದಲು ಬರುತ್ತದೆ, ನಿಜ. ಆದರೆ ಅರ್ಕಾವತ್ತನ್ನು ನಂಬುವ ಹಾಗಿಲ್ಲ. ಹಳೇ ಫಾಂಟಿನಲ್ಲಿ ಅದು ಅಕ್ಷರವಾದ ಮೇಲೆ ಬರುತ್ತಿತ್ತು, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲೇ ಬರಬೇಕು. ಜಾಗ ಬದಲಿಸುವ ಗಡಿಬಿಡಿಯಲ್ಲಿ ಒಂದೊಂದು ಸಲ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಟೈಪ್ ಮಾಡಿದವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿದ್ದರಂತೂ ಮುಗಿದೇ ಹೋಯಿತು. ‘ಕನಾ೯ಟಕ’ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಹುಡುಕಲು ಹೊರಟರೆ ಇಡೀ ಪುಸ್ತಕದಲ್ಲಿ ಕರ್ನಾಟಕ ಇಲ್ಲ ಅನ್ನುತ್ತದೆ ಕಂಪ್ಯೂಟರು.

ಇಷ್ಟಾದ ಮೇಲೆ ಓದಲು ಕೂರಬೇಕು. ಪತ್ರಿಕೆಯಲ್ಲಿ ಬಂದ ಲೇಖನಗಳ ತುಂಬಾ ‘ಮೊನ್ನೆ’, ‘ಈಚೆಗೆ’, ‘ಕಳೆದ ವಾರ’. ಯಾವ ಮೊನ್ನೆ ಅಂತ ಬರೆದವನಿಗೇ ನೆನಪಿರುವುದಿಲ್ಲ. 2016ರಲ್ಲಿ ಬಂದ ಗುಲಾಬಿ ಬಣ್ಣದ ಎರಡು ಸಾವಿರದ ನೋಟಿಗೆ ಚಿಲ್ಲರೆ ಸಿಗದೆ ಪಟ್ಟ ಪಾಡನ್ನು ಆಗ ಬರೆದಿದ್ದೆ. ಜನ ನಕ್ಕಿದ್ದರು. 2023ರಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ವಾಪಸ್ ತೆಗೆದುಕೊಂಡಿತು. ಈಗ ಆ ನಗೆಗೆ ಮೊದಲು ಪಾಠ ಮಾಡಬೇಕು. ಸ್ನೇಹಿತರೊಬ್ಬರು ಮೊನ್ನೆಗಳನ್ನೆಲ್ಲ ‘ಒಮ್ಮೆ’ ಮಾಡಿಬಿಡಿ ಎಂದರು. ಮಾಡಿ ನೋಡಿದೆ. ಲೇಖನಗಳೆಲ್ಲ ನೀತಿಕತೆಗಳಾದವು. ಅದಕ್ಕಿಂತ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇಸವಿ ಹಾಕಿ, ಮೊನ್ನೆಯನ್ನು ಮೊನ್ನೆಯಾಗಿಯೇ ಬಿಡುವುದು ಮೇಲು.

ನಿಜವಾದ ಕಷ್ಟ ಇರುವುದು ಪರಿವಿಡಿಯಲ್ಲಿ. ಯಾವುದು ಮೊದಲು, ಯಾವುದು ಆಮೇಲೆ? ಬರೆದ ಕ್ರಮದಲ್ಲೇ ಇಟ್ಟರೆ ಎಳಸು ಬರಹಗಳೆಲ್ಲ ಬಾಗಿಲಲ್ಲೇ ಎದುರಾಗುತ್ತವೆ. ಊರು, ಅಡುಗೆ, ಪ್ರಯಾಣ ಎಂದು ಭಾಗ ಮಾಡಿದರೆ ಸಾಲಾಗಿ ಐದು ಕಡೆ ಉಪ್ಪಿಟ್ಟು ಬಡಿಸಬೇಕಾಗುತ್ತದೆ. ಚೆನ್ನಾಗಿರುವುದನ್ನು ಮೊದಲಿಗೊಂದು, ಕೊನೆಗೊಂದು ಇಟ್ಟು, ಸುಮಾರಾಗಿರುವುದನ್ನು ನಡುವೆ ಬಚ್ಚಿಡುವುದು ಎಲ್ಲರೂ ಮಾಡುವ ಉಪಾಯ. ನಾನೂ ಅದನ್ನೇ ಮಾಡಿದೆ. ಪುಟ ಕಟ್ಟುವ ಡಿಟಿಪಿಯ ಹುಡುಗಿ ಫೋನ್ ಮಾಡಿದಳು.

“ಸರ್, ನಿಮ್ಮ ಅಜ್ಜಿ ಹನ್ನೊಂದನೇ ಪುಟದಲ್ಲಿ ತೀರಿಕೊಂಡ್ರು.”

“ಹೌದಮ್ಮಾ.”

“ನಲವತ್ತರಲ್ಲಿ ಹೋಳಿಗೆ ತಟ್ತಾ ಇದ್ದಾರೆ. ಅರವತ್ತೆರಡರಲ್ಲಿ ಅವರಿಗೆ ಎಂಬತ್ತು, ಎಪ್ಪತ್ತರಲ್ಲಿ ಎಪ್ಪತ್ತೈದು. ಹಾಗೇ ಬಿಡಲಾ?”

ಎಷ್ಟೋ ಲೇಖನಗಳಲ್ಲಿ ಅಜ್ಜಿ ಇದ್ದಾಳೆ ಎಂದು ನನಗೂ ಗೊತ್ತಿತ್ತು. ಅವೆಲ್ಲ ಬೇರೆ ಬೇರೆ ವರ್ಷ, ಬೇರೆ ಬೇರೆ ಪತ್ರಿಕೆಯಲ್ಲಿ ಬಂದವು. ಒಬ್ಬರ ಮನೆಗೆ ಬಂದ ಅಜ್ಜಿ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಒಂದೇ ಸೂರಿನ ಕೆಳಗೆ. ಕೊನೆಗೆ ಅಜ್ಜಿಯ ವಯಸ್ಸನ್ನೇ ಕ್ರಮ ಮಾಡಿಕೊಂಡೆ. ಆಶ್ಚರ್ಯ ಏನೆಂದರೆ ಅವಳ ಹಿಂದೆ ಉಳಿದ ಲೇಖನಗಳೂ ತಾವಾಗಿಯೇ ಬಂದು ನಿಂತವು. ಅವಳಿಗೆ ನಡೆಯಲು ಆಗುತ್ತಿದ್ದ ಕಾಲದ ಜಾತ್ರೆ, ಆಗದ ಕಾಲದ ಆಸ್ಪತ್ರೆ ಕ್ಯೂ, ಅವಳಿಲ್ಲದ ಮನೆಯ ಫ್ರಿಜ್ಜು.

ಆಮೇಲೆ ಶುರುಗಳ ಕತ್ತರಿ. ಪತ್ರಿಕೆಯಲ್ಲಿ ಓದುಗ ಪುಟ ಮಗುಚುವ ಮೊದಲೇ ಹಿಡಿದು ಕೂರಿಸಬೇಕು. ಹಾಗಾಗಿ ಪ್ರತಿ ಲೇಖನದ ಮೊದಲ ಸಾಲೂ ಜೋರು. ಅವನ್ನು ಸಾಲಾಗಿ ಓದಿದರೆ ಬಸ್‌ಸ್ಟ್ಯಾಂಡಿನಲ್ಲಿ ಸೀಟು ತುಂಬಿಸಲು ಕೂಗುವ ಕಂಡಕ್ಟರುಗಳ ನಡುವೆ ನಿಂತ ಹಾಗಾಗುತ್ತದೆ. ಪುಸ್ತಕ ಕೊಂಡವನು ಆಗಲೇ ಬಸ್ ಹತ್ತಿ ಕೂತಿದ್ದಾನೆ, ಪಾಪ. ಬಹುಪಾಲು ಲೇಖನಗಳಿಗೆ ಮೊದಲ ಪ್ಯಾರಾ ತೆಗೆದರೆ ಏನೂ ಆಗಲಿಲ್ಲ. ಸ್ವಲ್ಪ ಬೇಜಾರಾಯಿತು, ಅಷ್ಟೆ.

ಇಷ್ಟೆಲ್ಲ ತಲೆ ಕೆಡಿಸಿಕೊಂಡು ಪ್ರಕಾಶಕರ ಹತ್ತಿರ ಹೋದರೆ ಅವರು ಓದುವ ಮೊದಲು ಎಣಿಸುತ್ತಾರೆ. ಡೆಮಿ 1/8 ಆಕಾರ, ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೊಂದು ಫಾರಂ. ಎಂಟು ಫಾರಂ ಅಂದರೆ 128 ಪುಟ. ನನ್ನದು 131 ಇತ್ತು. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹಾಕಿದರೆ ಹದಿಮೂರು ಪುಟ ಖಾಲಿ ಉಳಿಯುತ್ತವೆ. ಯಾವುದನ್ನು ಬಿಡುವುದು ಎಂದು ವಾರಗಟ್ಟಲೆ ಒದ್ದಾಡುತ್ತಿದ್ದ ನನಗೆ ಒಳ್ಳೇ ನೆಪ ಸಿಕ್ಕಿತು. ಎರಡು ಸಾವಿರದ ನೋಟು ಅಲ್ಲಿಗೆ ಚಲಾವಣೆಯಿಂದ ಹೋಯಿತು. ಅದು ಹೋದದ್ದೇ ನಾಲ್ಕು ಪುಟ.

“ಈಗ ಒಂದು ಪುಟ ಖಾಲಿ ಉಳೀತಲ್ಲ” ಎಂದರು ಪ್ರಕಾಶಕರು. “ಮುನ್ನುಡಿ ಬರೀತಿರೋರಿಗೆ ಫೋನ್ ಮಾಡಿ. ನಿಮ್ಮನ್ನ ಇನ್ನೊಂದು ಪುಟ ಜಾಸ್ತಿ ಹೊಗಳೋಕೆ ಹೇಳಿ.”