ಕೆಂಪು ಲೈಟು ಬಂದಾಗ

ಮನೆಯ ಫೈಬರ್ ಇಂಟರ್‌ನೆಟ್ ಡಬ್ಬಿಯಲ್ಲಿ ಎಲ್‌ಒಎಸ್ (ಲಾಸ್ ಆಫ್ ಸಿಗ್ನಲ್) ಅನ್ನೋ ದೀಪ ಕೆಂಪಗೆ ಮಿಟುಕಲು ಶುರುವಾದರೆ ಮನೆಮಂದಿಯೆಲ್ಲ ಎಂಜಿನಿಯರ್‌ಗಳೇ. ಒಬ್ಬರು ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ. ಇನ್ನೊಬ್ಬರು ಅದು ಸರಿಯಾಗಿ ಆನ್ ಆಗುವ ಮೊದಲೇ ಮತ್ತೆ ಆಫ್ ಮಾಡುತ್ತಾರೆ. ಮೂರನೆಯವರು ಪಿನ್ನು ಹುಡುಕಿಕೊಂಡು ಬಂದು ಹಿಂದಿರುವ ಸಣ್ಣ ತೂತಿಗೆ ಚುಚ್ಚುತ್ತಾರೆ. ಈ ಮೂರನೆಯವರನ್ನು ಮಾತ್ರ ತಡೆಯಬೇಕು. ಆ ತೂತಿನ ಬಟನ್ ಅದುಮಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್, ಎಷ್ಟೋ ಸಲ ಕಂಪನಿಯವರು ಹಾಕಿಕೊಟ್ಟ ಲಾಗಿನ್ ಕೂಡ ಅಳಿಸಿಹೋಗುತ್ತದೆ. ಹೊರಗೆ ಅಳಿಲು ಕೇಬಲ್ ಕಡಿದಿದ್ದರೆ ಒಳಗಿನ ಡಬ್ಬಿಗೆ ಯಾಕೆ ಈ ಶಿಕ್ಷೆ?

ಎಲ್‌ಒಎಸ್ ಕೆಂಪಾದರೆ ಫೈಬರಿನಲ್ಲಿ ಇಂಟರ್‌ನೆಟ್ ಹೊತ್ತು ತರುವ ಬೆಳಕು ಬರ್ತಿಲ್ಲ ಅಂತ. ಆಗ ಆಫ್-ಆನ್ ಮಾಡೋದು ಸುಮ್ನೆ ಸಮಾಧಾನಕ್ಕೆ. ಕೆಂಪು ಹೋಗಿ ಪಕ್ಕದ ಪಾನ್ (ಪಿಒಎನ್, ಕಂಪನಿಯ ಫೈಬರ್ ಜಾಲಕ್ಕೆ ಸೇರಿದೆಯಾ ಅಂತ ತೋರಿಸುವ) ದೀಪ ಹಸಿರಾಗಿ ಮಿಟುಕುತ್ತಿದ್ದರೆ ಕಥೆ ಬೇರೆ, ಅಲ್ಲಿ ಡಬ್ಬಿಯ ಹಾಜರಿ ನಡೆಯುತ್ತಿರುತ್ತದೆ. ಒಂದೇ ಫೈಬರನ್ನು 32 ಅಥವಾ 64 ಮನೆಗಳಿಗೆ ಕವಲೊಡೆದಿರುತ್ತಾರೆ. ಬರುವ ಬೆಳಕು ಎಲ್ಲರಿಗೂ ಬರುತ್ತದೆ, ಆದರೆ ಕಳಿಸುವಾಗ ಒಬ್ಬೊಬ್ಬರೇ ಸರದಿಯಲ್ಲಿ ಕಳಿಸಬೇಕು. ಅದಕ್ಕೆ ಕಂಪನಿ ಕಡೆಯ ಯಂತ್ರ ಮೊದಲು ಡಬ್ಬಿಯ ಸೀರಿಯಲ್ ನಂಬರ್ ಕೇಳುತ್ತದೆ, ಆಮೇಲೆ ಬೆಳಕು ಹೋಗಿಬರಲು ಹಿಡಿದ ಹೊತ್ತು ನೋಡಿ ಮನೆ ಎಷ್ಟು ದೂರ ಅಂತ ಅಳೆಯುತ್ತದೆ (ಕಿಲೋಮೀಟರಿಗೆ ಹೋಗಲು ಸುಮಾರು 5, ಹೋಗಿಬರಲು ಸುಮಾರು 10 ಮೈಕ್ರೋಸೆಕೆಂಡು), ಅದರ ಪ್ರಕಾರ ನೀನು ಇಷ್ಟು ತಡೆದು ಮಾತಾಡು ಅಂತ ಹೇಳುತ್ತದೆ. ನಡುವೆ ಯಾರೋ ಸ್ವಿಚ್ ಒತ್ತಿದರೆ ಎಲ್ಲ ಮೊದಲಿಂದ.

ಕರೆಂಟ್ ಹೋದಾಗಲೂ ಡಬ್ಬಿ ಸುಮ್ಮನೆ ಸಾಯುವುದಿಲ್ಲ. ಒಳಗೆ ಉಳಿದ ಚೂರು ವಿದ್ಯುತ್ತಿನಲ್ಲಿ, ನನಗೆ ಪವರ್ ಇಲ್ಲ ಅಂತ ಒಂದು ಸುದ್ದಿ ಕಳಿಸಿ ಹೋಗುತ್ತದೆ. ಇದಕ್ಕೆ ಡೈಯಿಂಗ್ ಗ್ಯಾಸ್ಪ್, ಅಂದರೆ ಕೊನೆಯುಸಿರು, ಅಂತಾರೆ. ಅದು ಬಂದಿದ್ದರೆ ಆಫೀಸಿನವರಿಗೆ ಇದು ಕರೆಂಟಿನ ಗೋಳು, ಕೇಬಲ್ ತುಂಡಾಗಿಲ್ಲ ಅಂತ ಕೂತಲ್ಲೇ ಗೊತ್ತಾಗುತ್ತದೆ.

ನಿಜವಾಗಿ ತುಂಡಾಗಿದ್ದರೆ ಕಂಪನಿಯ ಹುಡುಗ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಿಡಿದು ಬರುತ್ತಾನೆ. ಅದರಲ್ಲಿ ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಬಂದರೆ ಅವನ ಮುಖ ಅರಳುತ್ತದೆ, ಮೈನಸ್ 27 ದಾಟಿದರೆ ಏಣಿ ಕೇಳುತ್ತಾನೆ. ಮೀಟರಿನ ಲೆಕ್ಕ ಮೂರು ಕೆಳಗಿಳಿದರೆ (ಮೈನಸ್ 20 ಇದ್ದದ್ದು ಮೈನಸ್ 23 ಆದರೆ) ಬೆಳಕು ಅರ್ಧ ಆಯಿತು ಅಂತ ಲೆಕ್ಕ. ಜಾಸ್ತಿ ಅನುಭವ ಇದ್ದವನು ಏಣಿಗೆ ಮುಂಚೆ ಹಸಿರು ಕನೆಕ್ಟರ್ ಬಿಚ್ಚಿ ತುದಿ ಒರೆಸುತ್ತಾನೆ, ಸೋಫಾ ಹಿಂದೆ ವೈರು ಮಡಚಿಕೊಂಡಿದೆಯಾ ನೋಡುತ್ತಾನೆ. ಕೆಂಪು ಲೇಸರ್ ಪೆನ್ನು ಹಚ್ಚಿದರೆ ಒಡೆದ ಜಾಗದಲ್ಲಿ ಹಳದಿ ವೈರು ಕೆಂಪಗೆ ಹೊಳೆಯುತ್ತದೆ. ನೋಡೋಕೆ ಚೆಂದ, ಆದರೆ ತುದಿಗೆ ಕಣ್ಣಿಡಬೇಡಿ.

ಒಮ್ಮೊಮ್ಮೆ ಮೀಟರಿನ ಬಾಯಲ್ಲೇ ಧೂಳು ಕೂತಿರುತ್ತದೆ. ಆಗ ಅದು ಚೆನ್ನಾಗಿರುವ ಲೈನನ್ನೂ ಕೆಟ್ಟಿದೆ ಅನ್ನುತ್ತದೆ, ಕಂಬ ಹತ್ತಿ ಇಳಿದಿದ್ದೆಲ್ಲ ದಂಡ. ಅದಕ್ಕೇ ಕೆಲಸ ಬಲ್ಲವನು ಅನುಮಾನ ಬಂದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ಸರಿಯಿರುವ ಅವರ ಲೈನಿಗೆ ಮೀಟರ್ ಹಚ್ಚಿ ನೋಡುತ್ತಾನೆ. ಅಷ್ಟು ಹೊತ್ತು ಅವರ ನೆಟ್ಟೂ ಇರಲ್ಲ.