ಅರ್ಧ ಕಪ್ ಆಯುಷ್ಯ

ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರು ಜಾಸ್ತಿ ದಿನ ಬದುಕುತ್ತಾರಂತೆ. ನೀವೂ ಓದಿರುತ್ತೀರಿ ಬಿಡಿ, ಈ ವಾರ ನನಗೇ ನಾಲ್ಕು ಕಡೆಯಿಂದ ಬಂದಿದೆ. ದುರ್ದೈವ ನೋಡಿ, ನಾನು ಅದನ್ನು ಓದಿದ್ದು ವಿಜಯಪುರದ ಗಾಂಧಿ ಚೌಕದ ಬಳಿ ನಿಂತು ಚಹಾ ಕುಡಿಯುತ್ತಾ. ಕೈಯಲ್ಲಿದ್ದ ಕಪ್ಪನ್ನೇ ನೋಡಿದೆ. ಬುದ್ಧಿ ಬಂದಾಗಿನಿಂದ ಚಹಾ ಕುಡಿದಿದ್ದೇನೆ. ಎಷ್ಟು ವರ್ಷ ಆಯುಷ್ಯ ಸುಮ್ನೆ ಹಾಳಾಯಿತೋ!

ಪಕ್ಕದಲ್ಲಿದ್ದ ಕಾಕಾ ಒಬ್ಬರು ತಮ್ಮ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಅವರಿಗೆ ಬಂದಿದ್ದು ಬೇರೆ ಸುದ್ದಿ. ಕಾಫಿಯಿಂದ ಕ್ಯಾನ್ಸರ್. "ನೋಡ್ರಿ ಸರ, ಇದನ್ನ ಕುಡಿಯೂದಕ್ಕಿಂತ ಒಂದ ಸಲ ವಿಷ ಕುಡಿಯೂದು ಚಲೋ" ಎಂದರು. ಹಾಗೆ ಹೇಳುವ ಮೊದಲು ಆಚೆ ತಿರುಗಿ ಗೋಡೆಗೆ ಉಗುಳಿ ಬಂದಿದ್ದರು. ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು ಕ್ಯಾನ್ಸರ್ ಬಗ್ಗೆ ಮಾತಾಡುವುದು ಕಷ್ಟದ ಕೆಲಸ.

ಗುಟ್ಕಾ ಎಂದೆನಲ್ಲ, ತಪ್ಪಾಯಿತು. ನಮ್ಮ ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ. ಕಾಕಾ ಕಾನೂನಿಗೆ ತಲೆಬಾಗುವ ಮನುಷ್ಯ. ಅವರು ಕೊಳ್ಳುವುದು ಪಾನ್ ಮಸಾಲಾ ಚೀಟಿ ಒಂದು, ತಂಬಾಕಿನ ಚೀಟಿ ಒಂದು. ಎರಡೂ ಕೂಡುವುದು ಅವರ ಅಂಗೈಯಲ್ಲಿ. ಅಂಗೈಯನ್ನು ಇನ್ನೂ ಯಾವ ಸರ್ಕಾರವೂ ನಿಷೇಧಿಸಿಲ್ಲ.

ಹಾಗೆಂದು ಕಾಕಾನ ಮೊಬೈಲು ಪೂರ್ತಿ ಸುಳ್ಳು ಹೇಳಿತು ಎನ್ನುವಂತಿಲ್ಲ. ಅದು ಹೇಳಿದ್ದು ಹಳಸಿದ ಸುದ್ದಿ. 1981ರಲ್ಲಿ ಹಾರ್ವರ್ಡ್‌ನ ಪಂಡಿತರೇ ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಗಂಟು ಹಾಕಿದ್ದರು. ಆಮೇಲೆ ಬೇರೆಯವರು ಕೆದಕಿ ನೋಡಿದರೆ, ರೋಗಿಗಳ ಜೊತೆ ಹೋಲಿಸಲು ಇವರು ಆರಿಸಿಕೊಂಡವರಲ್ಲಿ ಬಹಳ ಮಂದಿ ಹೊಟ್ಟೆಯ ಕಾಯಿಲೆಯವರು. ಹೊಟ್ಟೆಗೆ ಆಗುವುದಿಲ್ಲವೆಂದು ಮೊದಲೇ ಕಾಫಿ ಕಡಿಮೆ ಮಾಡಿದ್ದವರು. ಏಕಾದಶಿ ಉಪವಾಸದವರನ್ನು ಸಾಲಾಗಿ ಕೂರಿಸಿ, ಈ ಉಳಿದವರೆಲ್ಲ ಎಷ್ಟು ತಿಂತಾರಪ್ಪಾ ಅಂದ ಹಾಗೆ! ಕೆಲ ವರ್ಷದ ಮೇಲೆ ಅದೇ ತಂಡ ಮತ್ತೆ ನೋಡಿದಾಗ ಗಂಟು ಸಡಿಲಾಗಿತ್ತು. ಆದರೆ ಸಡಿಲಾದ ಗಂಟನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ ಕಾಫಿಯನ್ನು ಅನುಮಾನದ ಪಟ್ಟಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ತರಬಹುದೇನೋ ಎಂದು. ನಮ್ಮ ಕಡೆಯ ಹೊಲದ ವ್ಯಾಜ್ಯಗಳ ಹಾಗೆ ಕಾಫಿ 25 ವರ್ಷ ಕಟಕಟೆಯಲ್ಲಿ ನಿಂತಿತು. 2016ರಲ್ಲಿ ಬಿಡುಗಡೆ. ಸಾಕಷ್ಟು ಪುರಾವೆ ಇಲ್ಲ, ಅಷ್ಟೇ ಅಲ್ಲ, ಲಿವರ್ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆಯೇ ಕಾಣುತ್ತದೆ ಎಂದರು. ಹಿಂದೆ ಕಾಫಿ ಜಾಸ್ತಿ ಕುಡಿಯುವವರು ಸಿಗರೇಟನ್ನೂ ಜಾಸ್ತಿ ಸೇದುತ್ತಿದ್ದರು. ಸಿಗರೇಟಿನ ಪಾಪ ಎಷ್ಟೋ ಸಲ ಕಾಫಿಯ ತಲೆಗೆ ಬಂದಿತ್ತು. ಅದೇ ಸಂಸ್ಥೆಯ ಪಟ್ಟಿಯ ಮೊದಲನೇ ವರ್ಗದಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಾತ್ರಿ ಎನ್ನುವ ವರ್ಗದಲ್ಲಿ, ತಂಬಾಕು ಕುಳಿತಿದೆ. ಅದರ ಮಗ್ಗುಲಲ್ಲೇ ಅಡಿಕೆ. ಕಾಕಾನ ಎರಡೂ ಚೀಟಿ.

ಆ 2016ರ ಸಭೆಯಲ್ಲೇ ಇನ್ನೊಂದು ಮಾತು ಬಂತು. 65 ಡಿಗ್ರಿಗಿಂತ ಬಿಸಿಯಾದ ಏನನ್ನೇ ಕುಡಿದರೂ ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ. ಕಾಫಿಯೋ ಚಹಾವೋ ಎಂಬುದಲ್ಲ, ಬಿಸಿ ಎಷ್ಟು ಎಂಬುದೇ ಪ್ರಶ್ನೆ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜ ನೆನಪಾದರು.

ಅಜ್ಜ ಬಸಿ, ಅಂದರೆ ಸಾಸರು, ಇಲ್ಲದೆ ಚಹಾ ಮುಟ್ಟಿದವರಲ್ಲ. ಕಪ್ಪಿನಿಂದ ಬಸಿಗೆ ಸುರುವಿ, ಎರಡು ಸಲ ಊದಿ, ಸೊರ್ರನೆ ಎಳೆಯುತ್ತಿದ್ದರು. ಮೂರನೇ ಮನೆಗೆ ಕೇಳುತ್ತಿತ್ತು. ಗೋಲಗುಂಬಜದಲ್ಲಿ ಕುಳಿತು ಕುಡಿದಿದ್ದರೆ ಏಳು ಸಲ ಕೇಳುತ್ತಿತ್ತೋ ಏನೋ. ಶಾಲೆ ಕಲಿತ ನಾವು ನಾಚಿಕೊಂಡೆವು. ಬೀಗರ ಮನೆಯಲ್ಲಿ ಅಜ್ಜ ಬಸಿ ಎತ್ತಿದರೆ ಅಮ್ಮ ಒಳಗಿನಿಂದಲೇ ಕೆಮ್ಮುತ್ತಿದ್ದಳು. ಜಗತ್ತಿನ ಕ್ಯಾನ್ಸರ್ ತಜ್ಞರು ಒಟ್ಟಿಗೆ ಕೂತು ಹೇಳಿದ್ದನ್ನು ಅಜ್ಜ ಒಂದು ಪಿಂಗಾಣಿ ತಟ್ಟೆಯಲ್ಲಿ ಮುಗಿಸಿದ್ದರು. ಅವರಿಗೆ ಇಂಥದ್ದೇನೂ ಗೊತ್ತಿರಲಿಲ್ಲ ಅನ್ನಿ. ಅವರಿಗೆ ಬಾಯಿ ಸುಡುತ್ತಿತ್ತು, ಅಷ್ಟೇ.

ಈಗ ಬಸಿ ಹೋಯಿತು. ಕಾಗದದ ಕಪ್ ಬಂತು. ಹೆಸರಿಗೆ ಕಾಗದ, ಒಳಗೆ ಪ್ಲಾಸ್ಟಿಕ್ಕಿನ ಪೊರೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಹೇಳಿದ್ದು ನೆನಪಿದೆಯಾ? ಅಂಥ ಕಪ್ಪಿನಲ್ಲಿ 100 ಮಿ.ಲೀ. ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದಂತೆ. ಅದಾದರೂ ಕಪ್ಪು. ನಮ್ಮಲ್ಲಿ ಕುದಿಯುವ ಚಹಾವನ್ನು ನೇರ ಪ್ಲಾಸ್ಟಿಕ್ ಚೀಲಕ್ಕೆ ಸುರುವಿ, ಬಾಯಿಗೆ ರಬ್ಬರ್ ಹಾಕಿ ಪಾರ್ಸಲ್ ಕೊಡುತ್ತಾರೆ. ಬಂಗಾರದ ಅಂಗಡಿಗೂ ಅದೇ ಚೀಲ, ಸರ್ಕಾರಿ ಕಚೇರಿಗೂ ಅದೇ ಚೀಲ. ಪ್ಲಾಸ್ಟಿಕ್ ನಿಷೇಧದ ಮೀಟಿಂಗಿಗೂ ಅದರಲ್ಲೇ ಹೋಗಿರುತ್ತದೆ, ಬೇಕಾದರೆ ಬಾಜಿ ಕಟ್ಟಿ. ಅದನ್ನು ಹೀರುತ್ತಾ ನಾವು ಕೇಳುವ ಪ್ರಶ್ನೆ: ಕಾಫಿ ಆರೋಗ್ಯಕ್ಕೆ ಒಳ್ಳೆಯದಾ?

ಇಷ್ಟಕ್ಕೂ ಯಾವ ಕಾಫಿ? ಸುದ್ದಿಯ ಜೊತೆ ಬರುವ ಫೋಟೋದಲ್ಲಿ ನೊರೆಯ ಮೇಲೆ ಹೃದಯದ ಚಿತ್ರ ಇರುತ್ತದೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಎನ್ನುತ್ತಾರೆ. ಅದು 17ನೇ ಶತಮಾನದ ಮಾತು. ಇವತ್ತು ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದ್ದೇ. ಆದರೆ ಚಿಕ್ಕಮಗಳೂರಿನಿಂದ ಹೊರಟ ಕಾಫಿ ವಿಜಯಪುರಕ್ಕೆ ಇನ್ನೂ ಬರುತ್ತಾ ಇದೆ. ಇಲ್ಲಿ ಹೋಟೆಲಿನಲ್ಲಿ ಕಾಫಿ ಕೇಳಿದರೆ ಹುಡುಗ ಒಮ್ಮೆ ಮುಖ ನೋಡುತ್ತಾನೆ. ಬೆಂಗಳೂರಿನವರಾ, ಇಲ್ಲ ಮೈಯಲ್ಲಿ ಹುಷಾರಿಲ್ವಾ? ಆಮೇಲೆ ಬಿಸಿ ಹಾಲಿಗೆ ಪುಡಿಯ ಚೀಟಿ ಹರಿದು, ಮೂರು ಚಮಚ ಸಕ್ಕರೆ ಹಾಕಿ ತಂದಿಡುತ್ತಾನೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎನ್ನುತ್ತಾರೆ. ಈ ಕಾಫಿಯಲ್ಲಿ ಆ ಗೆರೆ ಮುಟ್ಟುವಷ್ಟರಲ್ಲಿ ಸಕ್ಕರೆಯೇ ನಮ್ಮನ್ನು ಮುಗಿಸಿರುತ್ತದೆ.

ನಿದ್ದೆಯ ವಿಷಯ ಮಾತ್ರ ನಿಜ. ಸಂಜೆ ಐದಕ್ಕೆ ಒಳಗೆ ಹೋದ ಕೆಫೀನಿನ ಅರ್ಧ, ರಾತ್ರಿ ಹತ್ತಕ್ಕೂ ಮೈಯಲ್ಲೇ ಓಡಾಡುತ್ತಿರುತ್ತದೆ. ಗರ್ಭಿಣಿಯರಿಗೂ ಕಡಿಮೆ ಇರಲಿ ಎನ್ನುತ್ತಾರೆ, ಸರಿ. ಆ 300ರ ಲೆಕ್ಕ ಕೊಟ್ಟವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, 2024ರಲ್ಲಿ. ಅವರೇ ಇನ್ನೊಂದು ಮಾತೂ ಹೇಳಿದರು. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಚಹಾ ಕಾಫಿ ಬೇಡ. ಅದರಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ರಕ್ತ ಕಡಿಮೆಯಾಗುತ್ತದೆ.

ಒಳ್ಳೆಯ ಮಾತು. ಸುಳ್ಳಿಲ್ಲ. ಆದರೆ ಬೆಳಗಿನ ಆರೂವರೆಗೆ ನಮ್ಮ ಊರಿನ ಹೊರಗೆ ಟಂಟಂ ಕಾಯುತ್ತಾ ಹೆಂಗಸರು ನಿಂತಿರುತ್ತಾರಲ್ಲ, ದ್ರಾಕ್ಷಿ ತೋಟದ ಕೂಲಿಗೆ ಹೋಗುವವರು, ಅವರಿಗೆ ಈ ಗಂಟೆಯ ಲೆಕ್ಕ ಹೇಗೆ ಹೇಳುವುದು? ಅವರು ಅಷ್ಟು ಹೊತ್ತಿಗೆ ಚಹಾ ಕುಡಿಯುವುದು ರುಚಿಗಲ್ಲ. ಅದು ಹಸಿವನ್ನು ಮಧ್ಯಾಹ್ನದವರೆಗೆ ಮಲಗಿಸುತ್ತದೆ. ಮಧ್ಯಾಹ್ನ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಇದ್ದರೆ ಒಂದಿಷ್ಟು ಪಲ್ಯ. ಗಂಡನಿಗೆ, ಮಕ್ಕಳಿಗೆ ಕಟ್ಟಿ ಉಳಿದದ್ದು. ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ, 2019ರಿಂದ 21ರವರೆಗಿನದು, ಹೇಳುತ್ತದೆ: ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ. ಹತ್ತಿರ ಹತ್ತಿರ ಅರ್ಧ. ಇಷ್ಟು ರಕ್ತವನ್ನು ಚಹಾ ಒಂದೇ ಕುಡಿಯಿತಾ? ತಟ್ಟೆಯಲ್ಲಿ ಕಬ್ಬಿಣಾಂಶ ಇದ್ದರಲ್ಲವೇ ಟ್ಯಾನಿನ್ ಅದನ್ನು ತಡೆಯುವುದು! ಈ 48ರ ಸುದ್ದಿ ನನಗೆ ಒಂದು ಕಡೆಯಿಂದಲೂ ಬಂದಿಲ್ಲ. ಕಾಫಿಯದು ನಾಲ್ಕು ಸಲ ಬಂದಿದೆ. ಇಲ್ಲಿ ಏನಾದರೂ ತಮಾಷೆ ಮಾಡೋಣವೆಂದು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಏನೂ ಹೊಳೆಯಲಿಲ್ಲ.

ಅವತ್ತು ಗಾಂಧಿ ಚೌಕದಲ್ಲಿ ನಮ್ಮ ಕಾಕಾ ಬಾಯಿ ಮುಕ್ಕಳಿಸಿ ಬಂದಿದ್ದರು. "ಕಾಫಿ ಬ್ಯಾಡ ಅಂದ್ರ ಬ್ಯಾಡ. ಚಹಾ ಹೇಳ್ರಿ ಸರ, ಬೈಟು" ಎಂದರು. ಬಿಸಿಯ ಕಥೆ ಅವರಿಗೂ ಹೇಳಿದ್ದೆ. ಅದೊಂದು ಮಾತ್ರ ಅವರ ತಲೆಗೆ ಹೋಗಿತ್ತು. ಹುಡುಗ ಎರಡು ಕಾಗದದ ಕಪ್ ತಂದಿಟ್ಟ.

"ತಮ್ಮಾ, ಬಸಿ ಕೊಡೋ" ಎಂದರು ಕಾಕಾ.

ಹುಡುಗ ಒಳಗೆ ಹೋಗಿ ಹುಡುಕಿ ವಾಪಸ್ ಬಂದ. "ಬಸಿ ಇಲ್ರಿ ಕಾಕಾ. ಪಾರ್ಸಲ್ ಕಟ್ಟಿ ಕೊಡ್ಲೇನ್ರಿ?"