ಕೀಟೋ ಯಾರ ಕೈಲಿ, ಎಷ್ಟು ದಿನ ನಡೆಯುತ್ತೆ?

ಅಕ್ಕನ ಅಡುಗೆಮನೆ ಕಟ್ಟೆಯ ಮೇಲೆ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇತ್ತು. ಎರಡೂವರೆ ವರ್ಷ ಅದು ಅಲ್ಲಿಂದ ಕದಲಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಅದರ ಮೇಲೆ ಬಟ್ಟಲಿಟ್ಟು, ಸೊನ್ನೆಗೆ ತಂದು, ಹಾಲಿನ ಕೆನೆ ಸುರಿಯುತ್ತಿದ್ದಳು. 38 ಗ್ರಾಂ ಅಂದರೆ 38 ಗ್ರಾಂ. 39 ತೋರಿಸಿದರೆ ಚಮಚದ ತುದಿಯಲ್ಲಿ ಒಂಚೂರು ತೆಗೆಯುತ್ತಿದ್ದಳು. ಮಗಳು ತಿಂದಾದ ಮೇಲೆ ಬಟ್ಟಲಿಗೆ ಅಂಟಿಕೊಂಡ ಬೆಣ್ಣೆಯನ್ನೂ ಬಳಿದು ಬಾಯಿಗಿಡುತ್ತಿದ್ದಳು. "ಅದೂ ಲೆಕ್ಕಕ್ಕೆ ಸೇರಿದೆ ಕಣೋ, ಬಿಟ್ಟರೆ ಲೆಕ್ಕ ತಪ್ಪುತ್ತೆ" ಅನ್ನುತ್ತಿದ್ದಳು.

ಅಕ್ಕನ ಮಗಳಿಗೆ ಆಗ ಐದು ವರ್ಷ. ಫಿಟ್ಸ್. ಎರಡು ಬಗೆಯ ಔಷಧಿ ಕೊಟ್ಟು ನೋಡಿದರೂ ಹತೋಟಿಗೆ ಬಂದಿರಲಿಲ್ಲ. ಒಂದೊಂದು ದಿನ ಎಂಟು ಹತ್ತು ಸಲ ಬರುತ್ತಿತ್ತು. ಆಗ ನ್ಯೂರಾಲಜಿಸ್ಟ್ ಕೀಟೋಜೆನಿಕ್ ಆಹಾರ ಕೊಟ್ಟು ನೋಡೋಣ ಅಂದರು. ಅಲ್ಲಿವರೆಗೆ ನನಗೆ ಕೀಟೋ ಅಂದರೆ ಹೊಟ್ಟೆ ಕರಗಿಸೋ ವಿಡಿಯೋಗಳಷ್ಟೇ ಗೊತ್ತಿದ್ದದ್ದು. ಅದು ಹುಟ್ಟಿದ್ದೇ ಈ ಕಾಯಿಲೆಗಾಗಿ ಅಂತ ತಿಳಿದದ್ದು ಅವತ್ತು.

ಉಪವಾಸ ಇದ್ದರೆ ಫಿಟ್ಸ್ ಕಡಿಮೆಯಾಗುತ್ತೆ ಅನ್ನುವುದು ಬಹಳ ಹಿಂದಿನಿಂದ ಜನ ಗಮನಿಸಿದ್ದ ಸಂಗತಿ. ಆದರೆ ಮಗುವನ್ನು ಎಷ್ಟು ದಿನ ಅಂತ ಉಪವಾಸ ಕೆಡವೋದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಎಂಬ ವೈದ್ಯರು ಅದಕ್ಕೊಂದು ದಾರಿ ಸೂಚಿಸಿದರು. ಹೊಟ್ಟೆಗೆ ಊಟವನ್ನೂ ಕೊಡಬೇಕು, ದೇಹ ಮಾತ್ರ ಉಪವಾಸದಲ್ಲಿರುವ ಹಾಗೆಯೇ ನಡೆದುಕೊಳ್ಳಬೇಕು. ಅದಕ್ಕೆ ಕಾರ್ಬೋಹೈಡ್ರೇಟ್ ತೀರಾ ಇಳಿಸಿ, ಕೊಬ್ಬು ಏರಿಸಿದರು. ಗ್ಲೂಕೋಸ್ ಸಿಗದೆ ಹೋದಾಗ ಲಿವರ್ ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸುತ್ತೆ, ಮಿದುಳು ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತೆ. ಮಕ್ಕಳಿಗೆ ಕೊಡುವ ಕಟ್ಟುನಿಟ್ಟಿನ ಲೆಕ್ಕದಲ್ಲಿ 4 ಗ್ರಾಂ ಕೊಬ್ಬಿಗೆ ಪ್ರೋಟೀನ್, ಕಾರ್ಬ್ ಎರಡೂ ಸೇರಿ 1 ಗ್ರಾಂ. ಅಂದರೆ ಊಟದ ಶಕ್ತಿಯ ನೂರರಲ್ಲಿ ತೊಂಬತ್ತು ಪಾಲು ಕೊಬ್ಬಿನದೇ. 1938ರಲ್ಲಿ ಫೆನಿಟೋಯಿನ್ ಮಾತ್ರೆ ಬಂದ ಮೇಲೆ ಈ ಪಥ್ಯ ಮೂಲೆಗೆ ಸರಿಯಿತು. ತಕ್ಕಡಿ ಹಿಡಿದು ಕೂರುವುದಕ್ಕಿಂತ ಒಂದು ಮಾತ್ರೆ ನುಂಗಿಸುವುದು ಸುಲಭ ತಾನೇ. ಮಾತ್ರೆಗೆ ಬಗ್ಗದ ಮಕ್ಕಳಿಗಾಗಿ ಅದು ಮತ್ತೆ ಬಂತು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 145 ಮಕ್ಕಳಿದ್ದರು. ಮೂರು ತಿಂಗಳಲ್ಲಿ ಈ ಪಥ್ಯಕ್ಕೆ ಸೇರಿದ ಮಕ್ಕಳಲ್ಲಿ ಶೇ. 38ರಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಮಾಮೂಲಿ ಊಟದ ಮಕ್ಕಳಲ್ಲಿ ಹಾಗಾದವರು ಶೇ. 6 ಮಾತ್ರ.

ನಮ್ಮ ಹುಡುಗಿ ಆ 38ರ ಕಡೆಗೆ ಸೇರಿದಳು. ಮೊದಲ ತಿಂಗಳು ಅಕ್ಕ ಪಟ್ಟ ಪಾಡು ಹೇಳತೀರದು. ಮೂರನೇ ತಿಂಗಳ ಹೊತ್ತಿಗೆ ಫಿಟ್ಸ್ ವಾರಕ್ಕೊಂದು ಎರಡಕ್ಕೆ ಇಳಿಯಿತು. ವರ್ಷ ತುಂಬುವ ಮುಂಚೆ ಪೂರ್ತಿ ನಿಂತಿತು.

ಇದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ "ಕೀಟೋ ವಿಷ" ಅಂತ ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತೆ. "ಕೀಟೋ ಎಲ್ಲರಿಗೂ, ಜೀವನಪೂರ್ತಿ" ಅಂತ ಬರೆದರೂ ಅಷ್ಟೇ ಸಿಟ್ಟು ಬರುತ್ತೆ. ಯಾಕೆಂದರೆ ಆಮೇಲೆ ನಾನೂ ಅದನ್ನು ಮಾಡಿದೆ, ಹನ್ನೊಂದನೇ ತಿಂಗಳಿಗೆ ಬಿಟ್ಟೆ.

ನನ್ನ ತೂಕ ಆಗ 94 ಕೆಜಿ. ಮಗುವೇ ಮಾಡುತ್ತಿದೆ, ನನ್ನ ಕೈಲಿ ಆಗಲ್ವಾ ಅಂತ ಶುರು ಮಾಡಿದೆ. ದಿನಕ್ಕೆ 25 ಗ್ರಾಂ ಕಾರ್ಬ್. ಹತ್ತು ದಿನಕ್ಕೆ 4 ಕೆಜಿ ಇಳಿಯಿತು. ಊರಿಗೆಲ್ಲ ಹೇಳಿಕೊಂಡು ಬಂದೆ. ಆ 4 ಕೆಜಿಯಲ್ಲಿ ಬಹುಪಾಲು ನೀರು ಅನ್ನುವುದು ಆಗ ಗೊತ್ತಿರಲಿಲ್ಲ. ನಮ್ಮ ಲಿವರ್, ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 400-500 ಗ್ರಾಂ ಸಕ್ಕರೆ ಶೇಖರವಾಗಿರುತ್ತೆ. ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು. ಸಕ್ಕರೆ ಖಾಲಿಯಾದಾಗ ಆ ನೀರೂ ಹೋಗುತ್ತೆ. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ಹೊರಹಾಕುತ್ತೆ. ಮೊದಲ ವಾರದ ತಲೆನೋವು, ತಲೆಸುತ್ತು, ಕೈಕಾಲು ಸೋತು ಬರುವುದು ಬಹುಮಟ್ಟಿಗೆ ಇದರಿಂದ. ಬಿಟ್ಟ ವಾರದಲ್ಲೇ ಎರಡು ಮೂರು ಕೆಜಿ ವಾಪಸ್ ಬಂದು ಜನ ಎದೆಗುಂದುವುದೂ ಇದೇ ನೀರಿನಿಂದ.

ಆಮೇಲೆ ಕೊಬ್ಬೂ ಕರಗಿತು, ಸುಳ್ಳು ಹೇಳಲ್ಲ. ಆರು ತಿಂಗಳಲ್ಲಿ ಒಟ್ಟು 13 ಕೆಜಿ ಇಳಿದೆ. ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸಿದ್ದು ಹಸಿವು. ಮಧ್ಯಾಹ್ನ ಹನ್ನೊಂದೂವರೆಗೆ ಹೊಟ್ಟೆ ತಾಳ ಹಾಕುತ್ತಿದ್ದವನಿಗೆ ಎರಡು ಗಂಟೆಯಾದರೂ ಊಟದ ನೆನಪು ಬರುತ್ತಿರಲಿಲ್ಲ. ಅಂಥ ನೆಮ್ಮದಿ ನನಗೆ ಬೇರೆ ಯಾವ ಪಥ್ಯದಲ್ಲೂ ಸಿಕ್ಕಿಲ್ಲ.

ಮತ್ತೆ ಬಿಟ್ಟಿದ್ದು ಯಾಕೆ? ಸಿಹಿಯ ಆಸೆಗಲ್ಲ. ಒಂದು ಸಂಜೆ ನನ್ನ ಮಗಳು ಬಾಳೆಹಣ್ಣು ಸುಲಿದು, ಮಧ್ಯಕ್ಕೆ ಮುರಿದು, "ಅಪ್ಪ, ಅರ್ಧ ನಿಂಗೆ" ಅಂತ ಕೈ ಚಾಚಿದಳು. ಅರ್ಧ ಬಾಳೆಹಣ್ಣು ಅಂದರೆ 13 ಗ್ರಾಂ ಕಾರ್ಬ್. ಅವತ್ತಿನ ಲೆಕ್ಕದಲ್ಲಿ ನನಗೆ ಉಳಿದಿದ್ದು 6. "ಬೇಡ ಪುಟ್ಟಿ, ನೀನೇ ತಿನ್ನು" ಅಂದೆ. ಅವಳು ಎರಡೂ ಚೂರನ್ನು ನೋಡಿ ಸುಮ್ಮನೆ ತಿಂದಳು. ಆಮೇಲೆ ಅವಳು ಯಾವತ್ತೂ ನನಗೆ ಅಂತ ಏನನ್ನೂ ಮುರಿದು ತರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಎರಡು ತಿಂಗಳ ನಂತರ. ಇತ್ತ ಹೆಂಡತಿ ದಿನಕ್ಕೆ ಎರಡು ಥರದ ಅಡುಗೆ ಮಾಡಿ ಸೋತು ಹೋಗಿದ್ದಳು. "ಇವತ್ತಾದ್ರೂ ನಮ್ ಜೊತೆ ಕೂತು ಊಟ ಮಾಡ್ತೀರಾ?" ಅಂತ ಒಂದು ರಾತ್ರಿ ಕೇಳಿದಳು. ಕೂತೆ.

ಬಿಟ್ಟ ಮೇಲೆ 5 ಕೆಜಿ ವಾಪಸ್ ಬಂತು. ನಾನಿದ್ದ ಕೀಟೋ ಗುಂಪಿನಲ್ಲಿ ಅದನ್ನು ಬರೆದಾಗ ಸಿಕ್ಕ ಉತ್ತರ, "ನಿಮಗೆ ಮನೋಬಲ ಇಲ್ಲ". ಎಷ್ಟೋ ರಾತ್ರಿ ಆ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಈ ಬರಹ.

ಪಥ್ಯ ಹಿಡಿದವರಲ್ಲಿ ಅರ್ಧದಷ್ಟು ಜನ ಬಿಡುವುದು ಅಪರೂಪದ ಸಂಗತಿಯೇ ಅಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 160 ಜನರನ್ನು ನಾಲ್ಕು ಬಗೆಯ ಡಯಟ್‌ಗೆ ಹಂಚಿದ್ದರು. ಕಾರ್ಬ್ ತೀರಾ ಕಡಿಮೆ ಇರುವ ಅಟ್ಕಿನ್ಸ್‌ನಲ್ಲಿ ವರ್ಷದ ಕೊನೆವರೆಗೆ ಉಳಿದವರು ಶೇ. 53. ಕೊಬ್ಬು ತೀರಾ ಕಡಿಮೆ ಇರುವ ಆರ್ನಿಶ್‌ನಲ್ಲಿ ಶೇ. 50. ಅಂದರೆ ಆ ತುದಿಗೆ ಎಳೆದರೂ ಈ ತುದಿಗೆ ಎಳೆದರೂ ಜನ ಒಂದೇ ಪ್ರಮಾಣದಲ್ಲಿ ಕೈಬಿಟ್ಟರು. ನಡುವಿನ ಎರಡರಲ್ಲಿ ಶೇ. 65 ಉಳಿದರು. ತೂಕ ಯಾರದು ಇಳಿಯಿತು ಅಂದರೆ, ಯಾವ ಡಯಟ್ ಆದರೂ ಸರಿ, ಹೆಚ್ಚು ಪಾಲಿಸಿದವರದು.

ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ತಂಡ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು, 609 ಜನ, ಒಂದು ವರ್ಷ. ಕಾರ್ಬ್ ಇಳಿಸಿದವರು ಸರಾಸರಿ 6 ಕೆಜಿ, ಕೊಬ್ಬು ಇಳಿಸಿದವರು 5.3 ಕೆಜಿ ಕಳೆದುಕೊಂಡರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸರಾಸರಿ ಬಿಟ್ಟು ಒಬ್ಬೊಬ್ಬರನ್ನೇ ನೋಡಿದರೆ ಎರಡೂ ಗುಂಪಿನಲ್ಲಿ ಬಹಳ ಇಳಿದವರೂ ಇದ್ದರು, ಏರಿದವರೂ ಇದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಕಾರ್ಬ್ ಇಳಿಸುವ ಗುಂಪಿಗೆ ಮೊದಲು 20 ಗ್ರಾಂವರೆಗೆ ಇಳಿಸಿ, ಆಮೇಲೆ ಜೀವನಪೂರ್ತಿ ನಡೆಸಬಲ್ಲೆವು ಅನ್ನಿಸುವ ಮಟ್ಟಕ್ಕೆ ಏರಿಸಿಕೊಳ್ಳಿ ಅಂದಿದ್ದರು. ವರ್ಷದ ಕೊನೆಗೆ ಅವರ ಸರಾಸರಿ ಸುಮಾರು 130 ಗ್ರಾಂಗೆ ಬಂದು ನಿಂತಿತ್ತು. ಡಯಟೀಷಿಯನ್ ಜೊತೆಗಿದ್ದು, ಪದೇ ಪದೇ ತರಗತಿ ನಡೆಸಿಯೂ ಇಷ್ಟು. 130 ಗ್ರಾಂನಲ್ಲಿ ಸಾಮಾನ್ಯವಾಗಿ ಕೀಟೋಸಿಸ್, ಅಂದರೆ ದೇಹ ಕೀಟೋನ್‌ಗಳ ಮೇಲೆ ನಡೆಯುವ ಸ್ಥಿತಿ, ಬರುವುದಿಲ್ಲ. ಆದರೂ ಅವರ ತೂಕ ಇಳಿದಿತ್ತು. ಇದನ್ನು ಓದಿದ ದಿನ ನನ್ನ ಎದೆಯ ಭಾರ ಇಳಿಯಿತು.

ಹಾಗಾದರೆ ಯಾರ ಕೈಲಿ ನಡೆಯುತ್ತೆ? ಬಲವಾದ ಕಾರಣ ಇದ್ದವರ ಕೈಲಿ, ಜೊತೆಗೆ ಅವರ ದೇಹವೂ ಒಪ್ಪಿದರೆ. ಟೈಪ್ 2 ಶುಗರ್ ಇರುವ ಕೆಲವರು ವೈದ್ಯರ ಜೊತೆಗೂಡಿ ವರ್ಷಗಟ್ಟಲೆ ನಡೆಸಿ ಇನ್ಸುಲಿನ್, ಮಾತ್ರೆ ಇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದಾಗ ಸಿಗುವ ಅಂಕಿಯೇ ಅವರಿಗೆ ಹುರುಪು ಕೊಡುತ್ತೆ. ನನ್ನಂತೆ ಬರೀ ಪ್ಯಾಂಟಿನ ಅಳತೆಗಾಗಿ ಮಾಡುವವರಿಗೆ ಆ ಹುರುಪು ಆರನೇ ತಿಂಗಳಿಗೆ ಆರಿಹೋಗುತ್ತೆ.

ಶುಗರ್ ಇರುವವರಿಗೆ ಇಲ್ಲೊಂದು ಮಾತು, ದಯವಿಟ್ಟು ಇದನ್ನು ಎರಡು ಸಲ ಓದಿ. ನನ್ನ ಪರಿಚಯದವರೊಬ್ಬರು ವೈದ್ಯರಿಗೆ ಹೇಳದೆ ಕೀಟೋ ಹಿಡಿದರು. ಅವರು ನುಂಗುತ್ತಿದ್ದದ್ದು ಡಾಪಾಗ್ಲಿಫ್ಲೋಜಿನ್, ಅಂದರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಗುಂಪಿನ ಮಾತ್ರೆ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಅದೇ ಗುಂಪು. ಮೂರನೇ ವಾರ ವಾಂತಿ, ಹೊಟ್ಟೆನೋವು, ಏದುಸಿರು. ಮನೆಯಲ್ಲಿ ಶುಗರ್ ನೋಡಿದರೆ 170. "ಶುಗರ್ ಚೆನ್ನಾಗೇ ಇದೆಯಲ್ಲ" ಅಂತ ಒಂದು ದಿನ ಮಲಗಿಯೇ ಕಳೆದರು. ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಆಮ್ಲ ವಿಪರೀತ ಏರಿತ್ತು, ನೇರ ಐಸಿಯು. ಈ ಮಾತ್ರೆಗಳಿರುವಾಗ ಶುಗರ್ ಹೆಚ್ಚು ಏರದೆಯೂ ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತದಲ್ಲಿ ಆಮ್ಲ ಏರುವುದು) ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಸಿದೆ. ಇನ್ಸುಲಿನ್ ಅಥವಾ ದೇಹದಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ ಇರುವವರಿಗೆ ಅಪಾಯ ಉಲ್ಟಾ ದಿಕ್ಕಿನದು, ಕಾರ್ಬ್ ಇಳಿಸಿ ಡೋಸ್ ಇಳಿಸದೆ ಹೋದರೆ ಶುಗರ್ ದಿಢೀರ್ ಕುಸಿಯುತ್ತೆ. ಟೈಪ್ 1 ಇರುವವರು, ಬಸುರಿಯರು, ಎದೆಹಾಲು ಕೊಡುವವರು, ಕಿಡ್ನಿ ತೊಂದರೆ ಇರುವವರು, ಊಟದ ಜೊತೆ ಮನಸ್ಸಿನ ಜಗಳ (ಈಟಿಂಗ್ ಡಿಸಾರ್ಡರ್) ಇರುವವರು ಇದನ್ನು ತಾವಾಗಿಯೇ ಶುರು ಮಾಡಲೇಬಾರದು. ಕೊಬ್ಬನ್ನು ಕರಗಿಸುವ ಕಿಣ್ವವೇ ಹುಟ್ಟಿನಿಂದ ಇಲ್ಲದ ಅಪರೂಪದ ಕಾಯಿಲೆಗಳೂ ಇವೆ. ಅಂಥವರಿಗೆ ಇದು ಪ್ರಾಣಕ್ಕೇ ಸಂಚಕಾರ. ಅಕ್ಕನ ಮಗಳಿಗೆ ಶುರು ಮಾಡುವ ಮುಂಚೆ ಅಷ್ಟೊಂದು ರಕ್ತಪರೀಕ್ಷೆ ಯಾಕೆ ಮಾಡಿಸಿದರು ಅಂತ ನನಗೆ ಆಮೇಲೆ ಅರ್ಥವಾಯಿತು.

ಒಬ್ಬೊಬ್ಬರ ಮೈ ಒಂದೊಂದು ಥರ ಅನ್ನುವುದಕ್ಕೆ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಕೀಟೋ ಪರ ವಾದಿಸುವವರು ಆರ್ಕ್‌ಟಿಕ್‌ನ ಇನ್ಯೂಯಿಟ್ ಜನರ ಉದಾಹರಣೆ ಕೊಡುತ್ತಾರೆ, ತಲೆತಲಾಂತರದಿಂದ ಮಾಂಸ, ಕೊಬ್ಬಿನಲ್ಲೇ ಬದುಕಿದವರು ಅಂತ. ಆದರೆ ಅವರಲ್ಲಿ ಬಹಳ ಮಂದಿಗೆ ಸಿಪಿಟಿ1ಎ ಎಂಬ ಜೀನ್‌ನಲ್ಲಿ ಒಂದು ಬದಲಾವಣೆ ಇದೆ. ಅದು ಇದ್ದವರಲ್ಲಿ ಕೀಟೋನ್ ಉತ್ಪತ್ತಿಯೇ ಕಡಿಮೆ. ಕೀಟೋ ಬದುಕಿಗೆ ಸಾಕ್ಷಿ ಅಂತ ನಿಲ್ಲಿಸಿದ ಜನರ ದೇಹವೇ ಕೀಟೋಸಿಸ್‌ನಿಂದ ದೂರ ಸರಿಯುವ ಹಾಗೆ ಮಾರ್ಪಟ್ಟಿದೆ!

ಕೊಲೆಸ್ಟ್ರಾಲ್ ಕತೆಯೂ ಹಾಗೇ. ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 118 ಇದ್ದದ್ದು ಎಂಟನೇ ತಿಂಗಳಿಗೆ 172 ಆಯಿತು. ಜೊತೆಗೇ ಶುರು ಮಾಡಿದ ಗೆಳೆಯನದು ಅಲುಗಲೇ ಇಲ್ಲ. ಹಾಗಾಗಿ ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಪರೀಕ್ಷೆ ಮಾಡಿಸಿ. ಓಟ, ನಡಿಗೆಯ ಸ್ಪರ್ಧೆಗೆ ಇಳಿಯುವವರೂ ಯೋಚಿಸಬೇಕು. ಆಸ್ಟ್ರೇಲಿಯಾದಲ್ಲಿ ಲೂಯಿಸ್ ಬರ್ಕ್ ತಂಡ ಉನ್ನತ ಮಟ್ಟದ ವೇಗನಡಿಗೆ ಸ್ಪರ್ಧಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೀಟೋದವರು ಕೊಬ್ಬನ್ನೇನೋ ಚೆನ್ನಾಗಿ ಉರಿಸಿದರು, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ತರಬೇತಿಯಿಂದ ಉಳಿದವರ ವೇಗ ಸುಧಾರಿಸಿತು, ಇವರದು ಸುಧಾರಿಸಲಿಲ್ಲ. ಸಸ್ಯಾಹಾರಿಗಳ ಕಷ್ಟ ಬೇರೆ. ಬೇಳೆಕಾಳೇ ಪ್ರೋಟೀನ್ ಆಗಿರುವವರಿಗೆ ಅದರ ಜೊತೆ ಕಾರ್ಬ್ ಬಂದೇ ಬರುತ್ತೆ. ಉಳಿಯುವುದು ಪನೀರ್, ಚೀಸ್, ಬೀಜಗಳು, ಸೊಪ್ಪು. ತಿಂಗಳೊಪ್ಪತ್ತಿನಲ್ಲಿ ನಾಲಗೆ ಜಡ್ಡುಗಟ್ಟುತ್ತೆ, ನಾರಿನಂಶ ಸಾಲದೆ ಮಲಬದ್ಧತೆ ಶುರುವಾಗುತ್ತೆ.

ಆದರೆ ಇಷ್ಟೆಲ್ಲದರ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಅಡುಗೆ ಯಾರು ಮಾಡುತ್ತಾರೆ? ಅಕ್ಕನ ಮಗಳ ಕೀಟೋ ಎರಡೂವರೆ ವರ್ಷ ನಡೆದದ್ದು ಮಗುವಿನ ಮನೋಬಲದಿಂದಲ್ಲ. ಅಕ್ಕ ತಾನು ಊಟಕ್ಕೆ ಕೂರುವ ಮುಂಚೆ ಮೂರು ಹೊತ್ತೂ ತಕ್ಕಡಿ ಮುಂದೆ ನಿಂತಳು, ಬೇರೆಯವರ ಮನೆಗೆ ಹೋಗುವಾಗಲೂ ಡಬ್ಬಿ ಕಟ್ಟಿಕೊಂಡು ಹೋದಳು, ಭಾವ ಸಂಬಳದ ಕೆಲಸದ ಜೊತೆ ಉಳಿದ ಮನೆಕೆಲಸ ಹೊತ್ತುಕೊಂಡರು, ಡಯಟೀಷಿಯನ್ ಫೋನಿನಲ್ಲಿ ಸಿಗುತ್ತಿದ್ದರು. ಮೂವರು ದೊಡ್ಡವರ ದುಡಿಮೆ ಒಂದು ಪುಟ್ಟ ತಟ್ಟೆಯ ಹಿಂದೆ ಇತ್ತು. "ಮನಸ್ಸು ಮಾಡಿದರೆ ಆಗುತ್ತೆ" ಅನ್ನುವವರು ಆ ಮೂವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮತ್ತು ಇಷ್ಟು ಚೆನ್ನಾಗಿ ಕೆಲಸ ಮಾಡಿದ ಮಗುವಿಗೂ ಅದು ಜೀವನಪೂರ್ತಿ ಅಲ್ಲ. ಫಲ ಕೊಟ್ಟ ಮಕ್ಕಳಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ವೈದ್ಯರು ನಿಲ್ಲಿಸುವ ಯೋಚನೆ ಮಾಡುತ್ತಾರೆ, ಅದೂ ತಿಂಗಳುಗಟ್ಟಲೆ ನಿಧಾನಕ್ಕೆ. ಮಿದುಳಿಗೆ ಗ್ಲೂಕೋಸ್ ಸಾಗಿಸುವ ಗ್ಲೂಟ್1 ಕೊರತೆಯಂಥ ಕಾಯಿಲೆ ಇದ್ದರೆ ಮಾತ್ರ ಬಹಳ ವರ್ಷ ಮುಂದುವರಿಸುತ್ತಾರೆ.

ನಾನೀಗ ದಿನಕ್ಕೆ 120-130 ಗ್ರಾಂ ಆಸುಪಾಸಿನಲ್ಲಿದ್ದೇನೆ. ಸಕ್ಕರೆ ಇಲ್ಲ, ಮೈದಾ ಇಲ್ಲ, ಅನ್ನ ಒಂದು ಹೊತ್ತು. ತೂಕ 85. ಎರಡು ವರ್ಷವಾಯಿತು, ಅಲ್ಲೇ ನಿಂತಿದೆ. ಎಲ್‌ಡಿಎಲ್ ಮತ್ತೆ 120ರ ಹತ್ತಿರ ಬಂದಿದೆ.

ಅಕ್ಕನ ಮನೆಯಲ್ಲಿ ಲೆಕ್ಕವೆಲ್ಲ ಮುಗಿದ ವಾರ ನಾನಲ್ಲಿದ್ದೆ. ಅವತ್ತು ಮೊದಲ ಸಲ ಮಗಳ ತಟ್ಟೆಗೆ ಒಂದು ಸ್ಲೈಸ್ ಬ್ರೆಡ್ ಹಾಕಿ ಮುಂದಿಟ್ಟಳು. ಹುಡುಗಿ ಮುಟ್ಟಲಿಲ್ಲ. ತಟ್ಟೆಯನ್ನು ಎರಡೂ ಕೈಲಿ ಎತ್ತಿಕೊಂಡು ಕಟ್ಟೆಯ ಹತ್ತಿರ ಹೋಗಿ, ಬೆರಳ ತುದಿಯಲ್ಲಿ ನಿಂತು, ತಕ್ಕಡಿ ಇರುತ್ತಿದ್ದ ಜಾಗ ನೋಡಿದಳು.

"ಅಮ್ಮ, ತೂಕ ಮಾಡಲ್ವಾ?"

"ಬೇಡ ಮಗಳೇ, ತಿನ್ನು" ಅಂದಳು ಅಕ್ಕ, ಸಿಂಕಿನ ಕಡೆ ಮುಖ ತಿರುಗಿಸಿಕೊಂಡು.